ಫ್ರಾನ್ಸ್ ಗಾಲ್: ಹಿಂದಿನಿಂದ ಮುಂದಕ್ಕಲ್ಲ, ನಡುವಿನಿಂದ ಕೇಳಿ

ಫ್ರೆಂಚ್ ಪಾಪ್ ಗಾಯಕಿ ಫ್ರಾನ್ಸ್ ಗಾಲ್ ಅಂದರೆ ಎಲ್ಲರೂ ಮೊದಲು ಹಾಕುವುದು, ಯೂರೋಪಿನ ದೇಶಗಳ ಹಾಡಿನ ಸ್ಪರ್ಧೆಯಾದ ಯೂರೋವಿಷನ್‌ನಲ್ಲಿ 1965ರಲ್ಲಿ ಗೆದ್ದ ಹಾಡು. ಕೇಳಿದವರು ಚಿಕ್ಕ ಹುಡುಗಿಯ ಕೀಚಲು ದನಿ ಎಂದುಕೊಂಡು ಅಲ್ಲಿಗೇ ಬಿಟ್ಟುಬಿಡುತ್ತಾರೆ. ತಪ್ಪು ಕೇಳುಗರದ್ದಲ್ಲ, ಶುರು ಮಾಡಿದ ಜಾಗದ್ದು.

1980ರ 'ಇಲ್ ಜುಎ ದ್ಯು ಪಿಯಾನೊ ದಬೂ'ದಿಂದ ಆರಂಭಿಸಿ. ಆಮೇಲೆ 1981ರ 'ರೆಜಿಸ್ತ್', 1987ರ 'ಎಲಾ, ಎಲ್ ಲಾ'. ಈ ಕೊನೆಯದು ಬರೀ ತಾಳಕ್ಕೆ ಕೂರಿಸಿದ ಲಲ್ಲೆಮಾತಿನಂತೆ ಕೇಳಿಸುತ್ತದೆ. ಆದರೆ 'ಎಲ್ ಲಾ' ಎಂದರೆ 'ಅವಳಲ್ಲಿ ಅದು ಇದೆ'. ಅವಳು ಅಮೆರಿಕದ ಜಾಝ್ ಗಾಯಕಿ ಎಲಾ ಫಿಟ್ಜ್‌ಜೆರಾಲ್ಡ್. ಮೂರನ್ನೂ ಬರೆದು ರಾಗ ಹಾಕಿದವರು ಮಿಶೆಲ್ ಬೆರ್ಜೆ. 1974ರಲ್ಲಿ ಗಾಲ್‌ಗೆ ಹಾಡು ಕೊಡಲು ತೊಡಗಿದ ಇವರನ್ನು ಗಾಲ್ 1976ರಲ್ಲಿ ಮದುವೆಯಾದರು. ಬೆರ್ಜೆಯ ಪಿಯಾನೊ ಹಾಡನ್ನು ಮುಂದಕ್ಕೆ ತಳ್ಳುತ್ತದೆ, ಗಾಲ್ ದನಿ ಅದರ ಮೇಲೆ ಹಗುರಾಗಿ ಸವಾರಿ ಮಾಡುತ್ತದೆ.

ಈಗ ಹಿಂದಕ್ಕೆ ಹೋಗಿ. 1947ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದ ಈಕೆಯ ನಿಜವಾದ ಹೆಸರು ಇಸಾಬೆಲ್. ಇಸಾಬೆಲ್ ಓಬ್ರೆ ಎಂಬ ಗಾಯಕಿ ಆಗಲೇ ಹೆಸರಾಗಿದ್ದರಿಂದ 1963ರ ಮೊದಲ ರೆಕಾರ್ಡಿಗೆ 'ಫ್ರಾನ್ಸ್' ಆದರು. ವಿಚಿತ್ರವೆಂದರೆ ನೇಪಲ್ಸ್‌ನಲ್ಲಿ ನಡೆದ ಆ ಯೂರೋವಿಷನ್‌ನಲ್ಲಿ, 17ರ ವಯಸ್ಸಿನಲ್ಲಿ, ಹಾಡಿ ಗೆದ್ದದ್ದು ಫ್ರಾನ್ಸ್ ಪರವಾಗಿ ಅಲ್ಲ, ಲಕ್ಸೆಂಬರ್ಗ್ ಪರವಾಗಿ: 32 ಅಂಕ, ಎರಡನೆಯದಾದ ಬ್ರಿಟನ್ನಿಗೆ 26.

ಗೆದ್ದ ಆ ಹಾಡು 'ಪೂಪೆ ದ ಸೀರ್, ಪೂಪೆ ದ ಸೋಂ'. ಬರೆದವರು ಫ್ರೆಂಚ್ ಗೀತಕಾರ ಸೆರ್ಜ್ ಗೇನ್ಸ್‌ಬೂರ್. 'ಪೂಪೆ' ಗೊಂಬೆ, 'ಸೀರ್' ಮೇಣ. 'ಸೋಂ' ಅಂದರೆ ಗೊಂಬೆಯ ಹೊಟ್ಟೆಗೆ ತುಂಬುವ ತೌಡು. ಸದ್ದು ಎಂದೂ ಅರ್ಥ. ಬೇರೆಯವರು ಬರೆದದ್ದನ್ನು ಹಾಡುವ ಗೊಂಬೆ! ಹಾಡುವವಳನ್ನೇ ಅಣಕಿಸುವ ಹಾಡನ್ನು ಅವಳ ಬಾಯಲ್ಲೇ ಹಾಡಿಸಿದ ಜಾಣತನವಿದು. ಗೇನ್ಸ್‌ಬೂರ್ ಬರೆದ 1966ರ 'ಲೆ ಸ್ಯುಸೆತ್'ನಲ್ಲಿ ಈ ಜಾಣತನ ಹದ್ದು ಮೀರಿತು. ಲಾಲಿಪಾಪ್ ಹಾಡಿನ ಅಶ್ಲೀಲ ಒಳ ಅರ್ಥ ತಿಳಿಯದೆ ಹಾಡಿದ ಗಾಲ್, ಗೊತ್ತಾದ ಮೇಲೆ ನೊಂದರು. ಮುಂದೆ ಆ ಕಾಲದ ಹಾಡುಗಳಿಂದ ದೂರವೇ ಉಳಿದರು.

ಆ ದಶಕದ ಫ್ರೆಂಚ್ ಪಾಪ್ ಹೆಚ್ಚಾಗಿ ಬಂದದ್ದು ನಾಲ್ಕು ಹಾಡುಗಳ, ನಿಮಿಷಕ್ಕೆ 45 ಸುತ್ತು ತಿರುಗುವ ಚಿಕ್ಕ ರೆಕಾರ್ಡ್ ತಟ್ಟೆಗಳಲ್ಲಿ. ಹಾಗಾಗಿ ಗಾಲ್‌ರ ಹಳೆಯ ಹಾಡುಗಳಿಗೆ ಆಲ್ಬಮ್ ಹುಡುಕುವುದಕ್ಕಿಂತ ಒಳ್ಳೆಯ ಸಂಕಲನವೊಂದೇ ಸಾಕು.

1992ರ 'ದೂಬ್ಲ್ ಜ'ನಲ್ಲಿ ಗಂಡಹೆಂಡಿರು ಒಟ್ಟಿಗೆ ಹಾಡಿದರು. ಅದು ಬಂದ ಕೆಲವೇ ವಾರಗಳಲ್ಲಿ, ಆಗಸ್ಟ್ 2ರಂದು, 44ರ ಬೆರ್ಜೆ ಹೃದಯಾಘಾತದಿಂದ ತೀರಿಕೊಂಡರು. 1997ರಲ್ಲಿ ಮಗಳೂ ಹೋದಳು. ಗಾಲ್ ಬದುಕಿದ್ದು 2018ರ ಜನವರಿಯವರೆಗೆ. ಆದರೆ ಸ್ಟುಡಿಯೊದ ಕೊನೆಯ ಆಲ್ಬಮ್ 1996ರದ್ದು. ಅದರಲ್ಲಿ ಹಾಡಿದ್ದು ಬೆರ್ಜೆಯ ಹಾಡುಗಳನ್ನೇ.