14 ಕಾಯಿ, 28 ಮೊಟ್ಟೆ, ಬಿಟ್ಟುಹೋದ ಒಂದು ರಾತ್ರಿ

ಕಾರವಾರದ ಕೋಡಿಬಾಗದಲ್ಲಿ ನನ್ನ ಮನೆ. ಅಡುಗೆಮನೆಯೇ ನನ್ನ ಆಫೀಸು. ವರ್ಷವಿಡೀ ಹುಟ್ಟುಹಬ್ಬದ ಕೇಕು ಮಾಡುತ್ತೇನೆ. ಡಿಸೆಂಬರ್ ಬಂತೆಂದರೆ ಕ್ರಿಸ್‌ಮಸ್ ತಿಂಡಿ. ಇದಕ್ಕೆ ಮಂಗಳೂರಿನವರು ಕುಸ್ವಾರ್ ಎನ್ನುತ್ತಾರೆ, ಗೋವಾದವರು ಕೊನ್ಸುವಾದ್ ಎನ್ನುತ್ತಾರೆ. ಅಜ್ಜಿಯ ತವರು ಗಡಿಯಾಚೆಯ ಕಾಣಕೋಣ, ಹಾಗಾಗಿ ನಮ್ಮ ಮನೆಯಲ್ಲಿ ಎರಡೂ ಹೆಸರು ಓಡಾಡುತ್ತವೆ. ನೆವ್ರಿ, ಕುಲ್ಕುಲ್, ದೊದೋಲ್ ಎಲ್ಲ ಇರುತ್ತದೆ. ಆದರೆ ನನಗೆ ಆರ್ಡರ್ ಬರುವುದು ಹೆಚ್ಚಾಗಿ ಒಂದೇ ತಿಂಡಿಗೆ: ಬೊಲಿನ್ಹಾಸ್. ನಾವು ಸುಮ್ನೆ ಕಾಯಿ ಬಿಸ್ಕಿಟ್ ಅಂತೀವಿ.

ಮೈದಾ ಇಲ್ಲದ ಬಿಸ್ಕಿಟ್ ಇದು. ಸಕ್ಕರೆ ಪಾಕಕ್ಕೆ ಕಾಯಿತುರಿ ಹಾಕಿ ಕುದಿಸಬೇಕು. ಒಲೆ ಆರಿಸಿ ರವೆ, ಸ್ವಲ್ಪ ಬೆಣ್ಣೆ, ಏಲಕ್ಕಿ ಸೇರಿಸಬೇಕು. ರಾತ್ರಿಯಿಡೀ ಮುಚ್ಚಿಟ್ಟು, ಬೆಳಿಗ್ಗೆ ಮೊಟ್ಟೆಯ ಹಳದಿ ಕಲಸಿ, ಉಂಡೆ ಕಟ್ಟಿ, ಮೇಲೆ ಫೋರ್ಕಿನಿಂದ ಅಡ್ಡ ಉದ್ದ ಗೀರು ಹಾಕಿ ಬೇಯಿಸಬೇಕು. ಹೊರಗೆ ಗರಿ, ಒಳಗೆ ಮೆತ್ತಗೆ. ಅಜ್ಜಿಯ ಅಳತೆ ಎರಡು ಕಾಯಿ, ಅರ್ಧ ಕೆಜಿ ಬಾಂಬೆ ರವೆ, ಅರ್ಧ ಕೆಜಿ ಸಕ್ಕರೆ, ನಾಲ್ಕು ಹಳದಿ. ಬೇಯಿಸಿದ ಮೇಲೆ ಸುಮಾರು ಒಂದೂವರೆ ಕೆಜಿ ಬಿಸ್ಕಿಟ್ ಸಿಗುತ್ತದೆ.

ಮೂರು ವರ್ಷದ ಹಿಂದೆ ಕೈಗಾ ಟೌನ್‌ಶಿಪ್‌ನ ಒಬ್ಬರು ಫೋನ್ ಮಾಡಿ ಅರ್ಧ ಕೆಜಿಯ 20 ಡಬ್ಬಿ ಹೇಳಿದರು. ಆಫೀಸಿನವರಿಗೆಲ್ಲ ಹಂಚಲು. ಅಲ್ಲಿಯವರೆಗೆ ನನ್ನ ದೊಡ್ಡ ಆರ್ಡರ್ ಅಂದರೆ ಐದು ಡಬ್ಬಿ. ಖುಷಿಯಲ್ಲಿ ಹೂಂ ಅಂದೆ. ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಬೇಕಂತೆ. ಅದಕ್ಕೂ ಹೂಂ ಅಂದೆ.

ಲೆಕ್ಕ ಸುಲಭ ಇತ್ತು. ಅಜ್ಜಿಯ ಅಳತೆಯನ್ನು ಏಳರಿಂದ ಗುಣಿಸಿದರೆ ಆಯಿತು. 14 ಕಾಯಿ, ಮೂರೂವರೆ ಕೆಜಿ ರವೆ, ಅಷ್ಟೇ ಸಕ್ಕರೆ, 28 ಮೊಟ್ಟೆ. ಸಮಯ ಮಾತ್ರ ಗುಣಿಸಿದರೂ ಬರುವುದಿಲ್ಲವಲ್ಲ! ಹಾಗಾಗಿ ಆ ರಾತ್ರಿಯಿಡೀ ಮುಚ್ಚಿಡುವ ಕೆಲಸವನ್ನೇ ಬಿಟ್ಟೆ.

ಬಿಡುವುದಕ್ಕೆ ನನ್ನ ಹತ್ತಿರ ಒಳ್ಳೆಯ ಕಾರಣವೂ ಇತ್ತು. ಅಜ್ಜಿಗೆ ಮನೆಯಲ್ಲಿ ಓವನ್ ಇರಲಿಲ್ಲ. ತಟ್ಟೆಗಳನ್ನು ಹೊತ್ತುಕೊಂಡು ಪಾವ್ ಮಾಡುವವರ ಭಟ್ಟಿಗೆ ಹೋಗುತ್ತಿದ್ದರು. ಅವರು ಬೆಳಗಿನ ಪಾವ್ ತೆಗೆದ ಮೇಲೆ ಭಟ್ಟಿಯಲ್ಲಿ ಉಳಿದ ಬಿಸಿಯಲ್ಲಿ ಇವರ ಬಿಸ್ಕಿಟ್ ಬೇಯುತ್ತಿತ್ತು. ಅಂದರೆ ಹಿಂದಿನ ಸಂಜೆ ಹಿಟ್ಟು ಮಾಡಿ ಬೆಳಗಾಗುವವರೆಗೆ ಕಾಯಲೇಬೇಕು. ನಾನು ಅಂದುಕೊಂಡೆ, ರಾತ್ರಿ ಇಡುವುದು ಭಟ್ಟಿಗೆ ಕಾಯುವುದಕ್ಕೇ ಹೊರತು ಬಿಸ್ಕಿಟ್ಟಿಗಲ್ಲ. ನನಗೆ ಮನೆಯಲ್ಲೇ ಓವನ್ ಇದೆ, ನಾನ್ಯಾಕೆ ಕಾಯಬೇಕು? ಈಗಲೂ ಹೇಳುತ್ತೇನೆ, ಆ ತರ್ಕ ಕೆಟ್ಟದ್ದೇನಲ್ಲ. ಅದಕ್ಕೇ ಮೋಸ ಹೋದೆ.

ಸಂಜೆ ಏಳಕ್ಕೆ ಪಾಕ ಇಟ್ಟೆ. ಹತ್ತಕ್ಕೆ ಮೇಲೆ ಮುಟ್ಟಿದರೆ ತಣ್ಣಗಿತ್ತು. ಹಳದಿ ಸುರಿದೆ. ದೊಡ್ಡ ಪಾತ್ರೆ, ಹತ್ತು ಕೆಜಿ ಹಿಟ್ಟು, ಒಳಗೆ ಇನ್ನೂ ಸುಡುತ್ತಿತ್ತು. ಅಲ್ಲಲ್ಲಿ ಹಳದಿ ಬೆಂದು ಸಣ್ಣ ಸಣ್ಣ ಕಾಳಾಯಿತು. ಕಂಡೂ ಕಾಣದ ಹಾಗೆ ಕಲಸಿದೆ. ಹಿಟ್ಟು ನೀರು ನೀರಾಗಿತ್ತು, ಉಂಡೆ ನಿಲ್ಲಲಿಲ್ಲ. ಇನ್ನೂ ಅರ್ಧ ಕೆಜಿಗಿಂತ ಜಾಸ್ತಿ ರವೆ ಸುರಿದೆ. ಆಗ ಉಂಡೆ ನಿಂತಿತು, ನನ್ನ ಉಸಿರೂ ನಿಂತ ಜಾಗದಿಂದ ಹೊರಟಿತು. ಬೆಳಗಿನ ಜಾವದವರೆಗೆ ಬೇಯಿಸಿ ಡಬ್ಬಿಗೆ ತುಂಬಿದೆ. ಬಣ್ಣ ಬಂಗಾರದ್ದು. ಒಂದು ತಿಂದು ನೋಡಿದೆ, ಬಿಸಿ ಬಿಸಿ ಚೆನ್ನಾಗಿಯೇ ಇತ್ತು.

ಮೂರನೇ ದಿನ ಫೋನ್ ಬಂತು. ಪಾಪ, ಮರ್ಯಾದೆಯಿಂದಲೇ ಮಾತಾಡಿದರು. "ಮೇಡಂ, ಬೇಜಾರು ಮಾಡ್ಕೋಬೇಡಿ. ರುಚಿ ಚೆನ್ನಾಗಿದೆ. ಆದ್ರೆ ಕಚ್ಚಿದ್ರೆ ಒಳಗೆ ಮರಳು ಇದ್ದ ಹಾಗಿದೆ. ನಮ್ಮ ಮಾವನವರು ಚಹಾದಲ್ಲಿ ಅದ್ದಿದ್ರೂ ತಿನ್ನೋಕಾಗ್ಲಿಲ್ಲ."

ಮೊದಲು ರವೆಯನ್ನು ಬೈದೆ. ಆಮೇಲೆ ಓವನ್ನನ್ನು. ಆ ಸಂಜೆ ನಮ್ಮ ಮನೆಯ ಹಿರಿಯರು ಮಾಯ್ ಬಂದವರು ಉಳಿದಿದ್ದ ಒಂದು ಬಿಸ್ಕಿಟ್ ಮುರಿದು ಬೆಳಕಿಗೆ ಹಿಡಿದು ನೋಡಿದರು. ತಿನ್ನಲೂ ಇಲ್ಲ.

"ಮಗಳೇ, ರವೆ ಮಲಗೇ ಇಲ್ಲ."

ಅವರಿಗೆ ಅದಕ್ಕಿಂತ ಹೆಚ್ಚು ವಿವರಿಸಲು ಬರಲಿಲ್ಲ. ನಾನೇ ಕೂತು ಯೋಚಿಸಿ, ಜನವರಿಯಲ್ಲಿ ಎರಡು ಸಣ್ಣ ಪಾಲು ಮಾಡಿ ನೋಡಿದೆ. ಒಂದನ್ನು ಮೂರು ಗಂಟೆ ಇಟ್ಟೆ, ಇನ್ನೊಂದನ್ನು ರಾತ್ರಿಯಿಡೀ. ಬಾಂಬೆ ರವೆಯ ಕಾಳು ಒರಟು. ನೀರು ಕುಡಿದು ಉಬ್ಬಲು ಅದಕ್ಕೆ ಹೊತ್ತು ಬೇಕು. ಉಪ್ಪಿಟ್ಟಿನಲ್ಲಾದರೆ ಕುದಿಯುವ ನೀರು ಬೇಕಾದಷ್ಟಿರುತ್ತದೆ, ಐದು ನಿಮಿಷದಲ್ಲಿ ಉಬ್ಬುತ್ತದೆ. ಇಲ್ಲಿ ಇರುವ ನೀರನ್ನೆಲ್ಲ ಸಕ್ಕರೆ ಹಿಡಿದುಕೊಂಡಿರುತ್ತದೆ. ರವೆಗೆ ಬಿಟ್ಟುಕೊಡುವುದು ನಿಧಾನ. ಮೂರು ಗಂಟೆಯ ಹಿಟ್ಟು ಕೈಗೆ ಅಂಟುತ್ತಿತ್ತು. ಹತ್ತು ಗಂಟೆ ಕಳೆದದ್ದು ತಾನಾಗಿಯೇ ಗಟ್ಟಿಯಾಗಿತ್ತು, ಒಂದು ಚಮಚ ರವೆಯನ್ನೂ ಸೇರಿಸದೆ.

ಅಂದರೆ ಆ ದಿನ ನಾನು ಬಾಯಾರಿದ ರವೆಯ ಮೇಲೆ ಇನ್ನಷ್ಟು ಒಣ ರವೆ ಸುರಿದಿದ್ದೆ. ಅದು ಡಬ್ಬಿಯೊಳಗೆ ಹೋದ ಮೇಲೂ ಬಿಸ್ಕಿಟ್ಟಿನ ತೇವವನ್ನು ಎಳೆದುಕೊಳ್ಳುತ್ತಲೇ ಇತ್ತು. ಮೊದಲ ದಿನ ಚೆನ್ನಾಗಿದ್ದದ್ದು ಮೂರನೇ ದಿನ ಕಲ್ಲಾದದ್ದು ಹೀಗೆ. ಅಜ್ಜಿ ಭಟ್ಟಿಗೆ ಕಾಯುತ್ತಿದ್ದದ್ದು ನಿಜವೇ ಇರಬಹುದು. ಆದರೆ ಅವರು ಕಾಯುವಾಗ ರವೆ ತನ್ನ ಕೆಲಸ ಮಾಡಿಕೊಳ್ಳುತ್ತಿತ್ತು.

ಚಿರೋಟಿ ರವೆ ಹಾಕಿದರೆ ಬೇಗ ಆಗುತ್ತದಲ್ಲ ಎಂದು ಕೇಳುವವರಿದ್ದಾರೆ. ಬೇಗ ಆಗುತ್ತದೆ, ಮಾಡಿ ನೋಡಿದ್ದೇನೆ. ಆದರೆ ಆ ಹರಳು ಹರಳು ಒಳಮೈ ಹೋಗಿ ಒತ್ತಿದ ಕೇಕಿನ ಹಾಗಾಗುತ್ತದೆ. ನನಗೆ ಹಿಡಿಸಲಿಲ್ಲ.

ಇನ್ನೊಂದು ತಪ್ಪು "14 ಕಾಯಿ" ಎಂಬ ಲೆಕ್ಕದಲ್ಲೇ ಇತ್ತು. ಅಜ್ಜಿಯ ಕಾಯಿ ಅವರ ಹಿತ್ತಲಿನ ಮರದ್ದು, ಒಂದೇ ಗಾತ್ರದ್ದು. ನನ್ನದು ಭಾನುವಾರದ ಸಂತೆಯ ರಾಶಿಯಿಂದ ಆರಿಸಿದ್ದು. ಆಮೇಲೊಂದು ದಿನ ತುರಿದು ತೂಗಿದರೆ ಒಂದರಲ್ಲಿ 180 ಗ್ರಾಂ ತುರಿ, ಇನ್ನೊಂದರಲ್ಲಿ 310! ಎಳೆಯ ಕಾಯಾದರೆ ನೀರಿನಂಶ ಬೇರೆ ಜಾಸ್ತಿ. ಮನೆಮಂದಿಗೆ ಮಾಡುವಾಗ ಇದು ಗೊತ್ತೇ ಆಗುವುದಿಲ್ಲ, ಕೈ ಸರಿಮಾಡಿಕೊಳ್ಳುತ್ತದೆ. ಹತ್ತು ಕೆಜಿಯಲ್ಲಿ ಕೈಗೆ ತಿಳಿಯುವಷ್ಟರಲ್ಲಿ ತಡವಾಗಿರುತ್ತದೆ. ಈಗ ಬಲಿತ ಕಾಯಿಯನ್ನೇ ತರುತ್ತೇನೆ. ಕಂದು ಸಿಪ್ಪೆ ತಾಗದ ಹಾಗೆ ತುರಿದು, ಮಿಕ್ಸಿಯಲ್ಲಿ ನೀರು ಹಾಕದೆ ಒಂದೆರಡು ಸುತ್ತು ತಿರುಗಿಸಿ, ಅರ್ಧ ಕೆಜಿ ರವೆಗೆ 450 ಗ್ರಾಂ ತೂಗಿ ಹಾಕುತ್ತೇನೆ. ಮಾಯ್ ಈ ತಕ್ಕಡಿಯನ್ನು ನೋಡಿ ನಗುತ್ತಾರೆ. "ಬಂಗಾರದ ಅಂಗಡಿ ಇಟ್ಟಿದ್ದೀಯಾ?"

ಪಾತ್ರೆಯನ್ನೂ ಬದಲಿಸಿದೆ. ಈಗ ಹಿಟ್ಟನ್ನು ಎರಡು ಅಗಲ ಪರಾತಕ್ಕೆ ಹರವುತ್ತೇನೆ. ಬಿಸಿ ಇರುವಾಗ ಮುಚ್ಚಳ ಹಾಕಬಾರದು, ಹಬೆ ನೀರಾಗಿ ಮತ್ತೆ ಹಿಟ್ಟಿಗೇ ತೊಟ್ಟಿಕ್ಕುತ್ತದೆ. ಮೊದಲು ತೆಳು ಬಟ್ಟೆ, ಪೂರ್ತಿ ಆರಿದ ಮೇಲೆ ಮುಚ್ಚಳ. ಬೆಳಿಗ್ಗೆ ನಡುವೆ ಬೆರಳು ಇಳಿಸಿ ನೋಡಿಯೇ ಹಳದಿ. ಬೆಂದ ಬಿಸ್ಕಿಟ್ಟಿಗೂ ಇದೇ ಮಾತು. ಬಿಸಿಯಲ್ಲಿ ಡಬ್ಬಿ ಮುಚ್ಚಿದರೆ ಮೇಲಿನ ಗರಿ ಹೋಯಿತು ಅಂತಲೇ. ಸಮುದ್ರದ ಗಾಳಿಯ ಊರಿನಲ್ಲಿ ತೆರೆದಿಟ್ಟರೂ ಮೆತ್ತಗಾಗುತ್ತದೆ, ಆ ತೊಂದರೆ ಬೇರೆ. ಓವನ್ನಿನ ಮುಳ್ಳನ್ನೂ ನಂಬುವ ಹಾಗಿಲ್ಲ. ಒಳಗೆ ಥರ್ಮಾಮೀಟರ್ ಇಟ್ಟಾಗ ನನ್ನದರಲ್ಲಿ 25 ಡಿಗ್ರಿ ವ್ಯತ್ಯಾಸ ಕಂಡಿತು. ಈಗ ನಿಜವಾದ 170 ಡಿಗ್ರಿಯಲ್ಲಿ ಇಪ್ಪತ್ತು ನಿಮಿಷ, ನಡುವೆ ಒಮ್ಮೆ ತಟ್ಟೆ ತಿರುಗಿಸುತ್ತೇನೆ.

20 ಡಬ್ಬಿಯ ದುಡ್ಡು ಪೂರ್ತಿ ವಾಪಸ್ ಕೊಟ್ಟೆ. ಹೊಸವರ್ಷಕ್ಕೆ ಸರಿಯಾಗಿ ಮಾಡಿದ ಎರಡು ಡಬ್ಬಿ ಕಳಿಸಿದೆ. ಮಾವನವರು ತಿಂದರಂತೆ.

ಮೊಟ್ಟೆಯ ವಿಷಯ ಹೇಳದೆ ಈ ಕೆಲಸದ ಮಾತು ಮುಗಿಯುವುದಿಲ್ಲ. ಹೋದ ವರ್ಷ ಶಿರಸಿಯಿಂದ ಒಬ್ಬರು ಅಕ್ಕ ಫೋನ್ ಮಾಡಿ, "ತಂಗೀ, ಕಾಯಿ ಬಿಸ್ಕಿಟ್ ಅಂದ್ರೆ ಬರೀ ಕಾಯಿ ಅಲ್ವಾ?" ಎಂದು ಕೇಳಿದರು. ಹೆಸರಿನಿಂದ ಹಾಗೇ ಅನಿಸುತ್ತದೆ. ನನ್ನ ಡಬ್ಬಿಯ ಮೇಲೆ ಕಂದು ತ್ರಿಕೋನದ ಗುರುತಿದೆ, "ಮೊಟ್ಟೆ ಇದೆ" ಎಂದು ಬರೆದೂ ಇದೆ. ಆದರೆ ಫೋನಿನಲ್ಲಿ ಡಬ್ಬಿ ಕಾಣುವುದಿಲ್ಲವಲ್ಲ. ಅವರಿಗೆ ಮೊಟ್ಟೆ ಇಲ್ಲದ ತುಪ್ಪದ ನಾನ್ಕಟಾಯಿ ಮಾಡಿಕೊಡುತ್ತೇನೆ ಎಂದೆ, ಮೊಟ್ಟೆಯದ್ದೂ ಅದೂ ಬೇಯುವ ಓವನ್ ಮಾತ್ರ ಒಂದೇ ಎಂದೂ ಹೇಳಿದೆ. ಸ್ವಲ್ಪ ಯೋಚಿಸಿ, "ಹಾಗಾದ್ರೆ ಬೇಡ ಬಿಡು, ನೀ ಹೇಳಿದ್ದು ಒಳ್ಳೇದಾಯ್ತು" ಅಂದರು. ಆರ್ಡರ್ ಹೋಯಿತು. ಈಗ ಕಾಯಿ ಬಿಸ್ಕಿಟ್ ಕೇಳಿ ಯಾರೇ ಫೋನ್ ಮಾಡಲಿ, ರೇಟಿಗಿಂತ ಮೊದಲು ಮೊಟ್ಟೆಯ ಮಾತು ಹೇಳುತ್ತೇನೆ.

ಈ ಸಲ ದಿನಕ್ಕೆ ಎಂಟೇ ಡಬ್ಬಿ, ಎರಡು ದಿನ ಮೊದಲೇ ಹೇಳಬೇಕು. "ನಾಳೆ ಬೆಳಿಗ್ಗೆ ಬೇಕು" ಎಂದವರಿಗೆ ಕುಲ್ಕುಲ್ ಇದೆ, ಅದು ಎಣ್ಣೆಯಲ್ಲಿ ಕರಿಯುವುದು, ಅದಕ್ಕೆ ರಾತ್ರಿ ಬೇಡ. ಸದ್ಯ ಎರಡೂ ಪರಾತ ಬಟ್ಟೆ ಹೊದ್ದು ಕಟ್ಟೆಯ ಮೇಲಿವೆ. ಫ್ರಿಜ್ಜಿನಲ್ಲಿ ನಾಳೆಗೆ ಒಂದು ಡಜನ್ ಮೊಟ್ಟೆ ಇದೆ. ಹಳದಿ ಬಿಸ್ಕಿಟ್ಟಿಗೆ ಹೋದರೆ ಬಿಳಿ ಉಳಿಯುತ್ತದೆ. ಮಗ ಫ್ರಿಜ್ ತೆರೆದು ನೋಡಿ ಈಗಲೇ ಕೇಳಿದ್ದಾನೆ, "ಈ ವಾರವೂ ಬಿಳೀ ಆಮ್ಲೆಟ್ಟಾ?"