ನೀಲಿ ಗೋಳದ ಮೇಲೆ ಕಣ್ಣಿಡಿ: ಡಯಾಬ್ಲೊ 2ಕ್ಕೆ ಹೊಸಬರಾದವರಿಗೆ

ಆ್ಯಕ್ಷನ್ ಗೇಮ್ ಆಡಲು ಹೊಸದಾಗಿ ಶುರು ಮಾಡಿದವರ ಕಣ್ಣು ಯಾವಾಗಲೂ ಎಡಗಡೆಯ ಕೆಂಪು ಗೋಳದ ಮೇಲೇ ಇರುತ್ತದೆ. ಲೈಫ್ ಎಷ್ಟು ಉಳಿದಿದೆ ಅನ್ನುವುದೊಂದೇ ಚಿಂತೆ. ನಾನು ಹೇಳುವುದೇನೆಂದರೆ, ಸ್ವಲ್ಪ ಬಲಗಡೆ ನೋಡಿ. ಅಲ್ಲಿರುವ ನೀಲಿ ಗೋಳ, ಅಂದರೆ ಮಾನಾ (ಮಂತ್ರ ಹಾಕಲು ಖರ್ಚಾಗುವ ಶಕ್ತಿ), ನೀವು ನಿಂತಿರುವ ಜಾಗ ನಿಮ್ಮ ಶಕ್ತಿಗೆ ಮೀರಿದ್ದಾ ಅಂತ ಕೆಂಪು ಗೋಳಕ್ಕಿಂತ ಎಷ್ಟೋ ಮೊದಲೇ ಹೇಳಿಬಿಡುತ್ತದೆ.

ನಾನು ಮಾತಾಡುತ್ತಿರುವುದು ಡಯಾಬ್ಲೊ 2 ಬಗ್ಗೆ. 2000ದಲ್ಲಿ ಬಂದ ಗೇಮ್. 2001ರಲ್ಲಿ ಲಾರ್ಡ್ ಆಫ್ ಡಿಸ್ಟ್ರಕ್ಷನ್ ಅನ್ನುವ ಎಕ್ಸ್‌ಪ್ಯಾನ್ಶನ್ ಬಂತು, 2021ರ ಸೆಪ್ಟೆಂಬರ್‌ನಲ್ಲಿ ರಿಸರೆಕ್ಟೆಡ್ ಅನ್ನುವ ಹೊಸ ರೂಪ ಬಂತು. ಚಿತ್ರ ಹೊಸದಾದರೂ ಒಳಗಿನ ಲೆಕ್ಕ ಬಹುಪಾಲು ಹಳೆಯದೇ. ನನ್ನ ಚಿಕ್ಕಪ್ಪನ ಮಗ ಈಗಷ್ಟೇ ಇದರಲ್ಲಿ ಸಾರ್ಸರೆಸ್ ಅನ್ನುವ ಮಂತ್ರಗಾತಿ ಪಾತ್ರ ಆಡಲು ಶುರು ಮಾಡಿದ್ದಾನೆ, ಕಾಲ್‌ನಲ್ಲಿ ಅವನ ಮಾತು ಒಂದೇ: "ಅಣ್ಣಾ, ಮತ್ತೆ ಮಾನಾ ಖಾಲಿ." ಅವನಿಗೆ ಬಿಡಿಬಿಡಿಯಾಗಿ ಹೇಳುತ್ತಾ ಬಂದದ್ದನ್ನ ಇಲ್ಲಿ ಒಂದೇ ಕಡೆ ಬರೆಯುತ್ತಿದ್ದೇನೆ.

ಮೊದಲು ಲೆಕ್ಕ. ಸಾರ್ಸರೆಸ್ ಶುರುವಿನಲ್ಲಿ 35 ಮಾನಾ ಇಟ್ಟುಕೊಂಡು ಬರುತ್ತಾಳೆ. ಫೈರ್‌ಬೋಲ್ಟ್ ಅನ್ನುವ ಬೆಂಕಿ ಮಂತ್ರ ಒಂದು ಸಲ ಹಾಕಲು 2.5 ಮಾನಾ. ಅಂದರೆ 14 ಸಲ ಹೊಡೆಯಬಹುದು, ಆಮೇಲೆ ಕೋಲು ಹಿಡಿದು ಬಡಿಯಬೇಕು ಇಲ್ಲವೇ ಓಡಬೇಕು. ಬರಿದಾದ ಗೋಳ ತಾನಾಗಿಯೇ ಪೂರ್ತಿ ತುಂಬಲು ಸುಮಾರು 2 ನಿಮಿಷ ಬೇಕು. ಇಲ್ಲಿ ಒಂದು ವಿಷಯ ಹೊಸಬರಿಗೆ ಗೊತ್ತಿರುವುದಿಲ್ಲ. ನಿಮ್ಮ ಮಾನಾ 35 ಇರಲಿ, 350 ಇರಲಿ, ತುಂಬುವ ಸಮಯ ಅದೇ 2 ನಿಮಿಷ. ಯಾಕೆಂದರೆ ಅದು ಒಟ್ಟು ಮಾನಾದ ಇಂತಿಷ್ಟು ಪಾಲು ಅಂತ ತುಂಬುತ್ತದೆ. ಹಾಗಾಗಿ ಗೋಳ ದೊಡ್ಡದು ಮಾಡುವುದು ಒಂದು ದಾರಿ, ಬೇಗ ತುಂಬುವ ಹಾಗೆ ಮಾಡುವುದು ಇನ್ನೊಂದು ದಾರಿ. ಎರಡನೆಯದು ಅಗ್ಗ.

ಲೆವೆಲ್ ಏರಿದಾಗಲೆಲ್ಲ 5 ಸ್ಟ್ಯಾಟ್ ಪಾಯಿಂಟ್ ಸಿಗುತ್ತದೆ. ಮಾನಾ ಸಾಲುತ್ತಿಲ್ಲ ಅಂತ ಎಲ್ಲವನ್ನೂ ಎನರ್ಜಿಗೆ ಸುರಿಯಬೇಕು ಅನ್ನಿಸುವುದು ಸಹಜ. ಸಾರ್ಸರೆಸ್‌ಗೆ ಒಂದು ಎನರ್ಜಿ ಪಾಯಿಂಟ್ ಅಂದರೆ 2 ಮಾನಾ. ಐದನ್ನೂ ಹಾಕಿದರೆ 10 ಮಾನಾ, ನಾಲ್ಕು ಫೈರ್‌ಬೋಲ್ಟ್. ಅದೇ ಐದನ್ನ ವೈಟಾಲಿಟಿಗೆ ಹಾಕಿದರೆ 10 ಲೈಫ್. ಮಾನಾ ಬೇರೆ ಬೇರೆ ಕಡೆಯಿಂದ ಸುಲಭವಾಗಿ ಬರುತ್ತದೆ, ಲೈಫ್ ಹಾಗೆ ಬರುವುದಿಲ್ಲ. ಅದಕ್ಕೇ ಹಳಬರು ಶಸ್ತ್ರ ಕವಚ ಹಿಡಿಯಲು ಬೇಕಾದಷ್ಟು ಸ್ಟ್ರೆಂತ್ ಹಾಕಿ ಉಳಿದದ್ದನ್ನೆಲ್ಲ ವೈಟಾಲಿಟಿಗೇ ಕೊಡುತ್ತಾರೆ. ಶುರುವಿನ ನಾರ್ಮಲ್ ಡಿಫಿಕಲ್ಟಿಯಲ್ಲಿ ಒಂದೆರಡು ಲೆವೆಲ್‌ನ ಪಾಯಿಂಟ್ ಎನರ್ಜಿಗೆ ಹೋದರೆ ನನ್ನ ತಕರಾರೇನೂ ಇಲ್ಲ. ಅದನ್ನೇ ಅಭ್ಯಾಸ ಮಾಡಿಕೊಳ್ಳಬೇಡಿ ಅಷ್ಟೇ.

ಬೇಗ ತುಂಬುವ ದಾರಿ ಯಾವುದು? ಮೊದಲನೆಯದು ವಾರ್ಮ್ತ್ ಅನ್ನುವ ಸ್ಕಿಲ್. ಒಂದೇ ಒಂದು ಸ್ಕಿಲ್ ಪಾಯಿಂಟ್ ಹಾಕಿದರೆ ಮಾನಾ ತುಂಬುವ ವೇಗ 30% ಏರುತ್ತದೆ, 2 ನಿಮಿಷದ್ದು ಒಂದೂವರೆ ನಿಮಿಷಕ್ಕೆ ಇಳಿಯುತ್ತದೆ. ಎರಡನೆಯದು ಸ್ಟೆಲ್ತ್ ಅನ್ನುವ ರೂನ್‌ವರ್ಡ್, ಅಂದರೆ ರೂನ್ ಅನ್ನುವ ಮಂತ್ರದ ಕಲ್ಲುಗಳನ್ನ ತೂತಿರುವ ವಸ್ತುವಿಗೆ ಕ್ರಮವಾಗಿ ಕೂರಿಸಿ ಪಡೆಯುವ ಶಕ್ತಿ. ಎರಡು ತೂತಿರುವ ಯಾವುದಾದರೂ ಸಾಧಾರಣ ಕವಚಕ್ಕೆ ಟಾಲ್ ಮತ್ತು ಎಥ್ ರೂನ್‌ಗಳನ್ನ ಇದೇ ಕ್ರಮದಲ್ಲಿ ಕೂರಿಸಬೇಕು. ಲೆವೆಲ್ 17ಕ್ಕೆ ತೊಡಬಹುದು. ಮಾನಾ 15% ಬೇಗ ತುಂಬುತ್ತದೆ, ಮಂತ್ರ ಹಾಕುವುದೂ ಓಡುವುದೂ 25% ಚುರುಕಾಗುತ್ತದೆ. ಈ ರೂನ್‌ಗಳಿಗೆ ಮೊದಲ ಆ್ಯಕ್ಟ್‌ನ, ಅಂದರೆ ಆಟದ ಮೊದಲ ಅಧ್ಯಾಯದ, ಬ್ಲ್ಯಾಕ್ ಮಾರ್ಶ್‌ನಲ್ಲಿರುವ ಹಳೇ ಟವರ್‌ಗೆ ಇಳಿದು ಕೌಂಟೆಸ್ ಅನ್ನುವ ಬಾಸ್‌ನ ಸೋಲಿಸಬೇಕು. ಕೆಲವು ಸಲ ಹೋಗಬೇಕಾಗುತ್ತದೆ, ಹೋಗಿ. ಅಲ್ಲಿ ಕಳೆದ ಸಂಜೆ ವ್ಯರ್ಥವಾಗುವುದಿಲ್ಲ.

ಇವೆರಡಕ್ಕಿಂತ ಬಹಳ ದೊಡ್ಡದು ಇನ್‌ಸೈಟ್ ಅನ್ನುವ ಇನ್ನೊಂದು ರೂನ್‌ವರ್ಡ್. ರಾಲ್, ಟಿರ್, ಟಾಲ್, ಸೋಲ್, ಈ ನಾಲ್ಕು ರೂನ್‌ಗಳನ್ನ ನಾಲ್ಕು ತೂತಿನ ಪೋಲ್‌ಆರ್ಮ್‌ಗೆ (ಉದ್ದ ಹಿಡಿಯ ಆಯುಧ) ಹಾಕಿ ಎರಡನೇ ಆ್ಯಕ್ಟ್‌ನಲ್ಲಿ ಗ್ರೈಜ್ ಅನ್ನುವವನ ಹತ್ತಿರ ಬಾಡಿಗೆಗೆ ಸಿಗುವ ಈಟಿಯವನ ಕೈಗೆ ಕೊಟ್ಟುಬಿಡಿ. ಅದಕ್ಕೆ ಅವನ ಲೆವೆಲ್ 27 ಆಗಿರಬೇಕು. ಅವನ ಸುತ್ತ ಮೆಡಿಟೇಶನ್ ಅನ್ನುವ ಆರಾ (ಹತ್ತಿರ ಇರುವವರಿಗೆ ಫಲ ಕೊಡುವ ಪ್ರಭೆ) ಹರಡುತ್ತದೆ, ಕಡಿಮೆ ಅಂದರೂ 12ನೇ ಲೆವೆಲ್‌ನದು. 2 ನಿಮಿಷ ಹಿಡಿಯುತ್ತಿದ್ದ ಗೋಳ ಸುಮಾರು 18 ಸೆಕೆಂಡ್‌ಗೆ ತುಂಬುತ್ತದೆ! ಅಲ್ಲಿಂದ ಮುಂದೆ ಮಾನಾ ಚಿಂತೆಯೇ ಇರುವುದಿಲ್ಲ. ನೀವು ಪಾರ್ಟಿಯಲ್ಲಿದ್ದರೆ ಪಕ್ಕದಲ್ಲಿರುವ ಗೆಳೆಯರಿಗೂ ಅದರ ಫಲ ಸಿಗುತ್ತದೆ. ಇನ್‌ಸೈಟ್ ಸಿಗುವ ಮುಂಚೆ ಕೂಡ ಈಟಿಯವನನ್ನ ಕಡೆಗಣಿಸಬೇಡಿ. ಅವನು ಹೊಡೆದು ಕೊಂದ ಮಾನ್‌ಸ್ಟರ್‌ಗೆ ನಿಮ್ಮ ಒಂದು ಹನಿ ಮಾನಾನೂ ಖರ್ಚಾಗಿಲ್ಲ ಅಲ್ವಾ? ಅವನಿಗೆ ಒಳ್ಳೆಯ ಆಯುಧ ಕೊಟ್ಟರೆ ಅದು ನಿಮ್ಮ ಮಾನಾಕ್ಕೇ ಸೇರಿದ ಹಾಗೆ.

ಇನ್ನು ಆನ್‌ಲೈನ್‌ಗೆ ಬರೋಣ. ಹೊಸಬರು ಎಡವುವುದು ಇಲ್ಲೇ, ಯಾರೂ ಬಿಡಿಸಿ ಹೇಳದ ವಿಷಯವೂ ಇದೇ.

ಡಯಾಬ್ಲೊ 2ರಲ್ಲಿ ಒಂದು ಗೇಮ್‌ಗೆ 8 ಜನರವರೆಗೂ ಸೇರಬಹುದು. ಹೆಚ್ಚಿಗೆ ಒಬ್ಬರು ಸೇರಿದರೆ ಎಲ್ಲ ಮಾನ್‌ಸ್ಟರ್‌ಗಳ ಲೈಫ್ ಮೂಲ ಲೆಕ್ಕದ 50% ಏರುತ್ತದೆ. ಇಬ್ಬರಿದ್ದರೆ ಒಂದೂವರೆ ಪಟ್ಟು, ಎಂಟು ಜನ ಇದ್ದರೆ ನಾಲ್ಕೂವರೆ ಪಟ್ಟು. ಅವರು ನಿಮ್ಮ ಪಕ್ಕದಲ್ಲೇ ಇರಬೇಕು ಅಂತೇನಿಲ್ಲ. ಅವರು ಐದನೇ ಆ್ಯಕ್ಟ್‌ನಲ್ಲಿ ಇನ್ಯಾರನ್ನೋ ಹೊಡೆಯುತ್ತಿದ್ದರೂ ಮೊದಲ ಆ್ಯಕ್ಟ್‌ನಲ್ಲಿ ಒಬ್ಬರೇ ನಿಂತಿರುವ ನಿಮ್ಮ ಮುಂದಿನ ಮಾನ್‌ಸ್ಟರ್ ಗಟ್ಟಿಯಾಗಿರುತ್ತದೆ. ಒಬ್ಬರೇ ಆಡುವಾಗ 4 ಫೈರ್‌ಬೋಲ್ಟ್‌ಗೆ ಬೀಳುವ ಒಂದು ಮಾನ್‌ಸ್ಟರ್ ಇದೆ ಅಂದುಕೊಳ್ಳಿ. 10 ಮಾನಾ ಸಾಕು. ಎಂಟು ಜನರ ಗೇಮ್‌ನಲ್ಲಿ ಅದಕ್ಕೇ 18 ಫೈರ್‌ಬೋಲ್ಟ್, ಅಂದರೆ 45 ಮಾನಾ. ಹೊಸ ಸಾರ್ಸರೆಸ್ ಹತ್ತಿರ ಇರುವುದೇ 35. ಒಂದೇ ಒಂದು ಮಾನ್‌ಸ್ಟರ್ ಬೀಳುವ ಮುಂಚೆ ಗೋಳ ಬರಿದು. ಆಟ ತನಗೆ ಬರುವುದಿಲ್ಲ ಅಂದುಕೊಂಡು ಎಷ್ಟೋ ಜನ ಇಲ್ಲೇ ಬಿಟ್ಟುಬಿಡುತ್ತಾರೆ, ಅದು ನನಗೆ ನಿಜವಾಗಿಯೂ ಬೇಜಾರಿನ ವಿಷಯ. ಅವರ ಕೈಯಲ್ಲಿ ಏನೂ ಕೊರತೆ ಇರಲಿಲ್ಲ. ನಾರ್ಮಲ್ ಅಂತ ಬರೆದಿದ್ದ ಬಾಗಿಲಲ್ಲೇ ಒಳಗೆ ಬಂದಿದ್ದರು, ಒಳಗಿದ್ದ ಜನರ ಸಂಖ್ಯೆಯೇ ಇನ್ನೊಂದು ಡಿಫಿಕಲ್ಟಿ ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

ಇದರ ಜೊತೆ ಇನ್ನೊಂದು. ಒಂದೇ ಗೇಮ್‌ನಲ್ಲಿರುವುದು ಬೇರೆ, ಒಂದೇ ಪಾರ್ಟಿಯಲ್ಲಿರುವುದು ಬೇರೆ. ಪಾರ್ಟಿ ಪರದೆ ತೆರೆದು ಆಹ್ವಾನ ಕಳಿಸಬೇಕು, ಅವರು ಒಪ್ಪಬೇಕು. ಪಾರ್ಟಿಗೆ ಸೇರದೆ ಸುಮ್ನೆ ಒಳಗಿದ್ದರೆ ಮಾನ್‌ಸ್ಟರ್‌ಗಳ ಹೆಚ್ಚಿದ ಲೈಫ್ ನಿಮ್ಮ ಪಾಲಿಗೆ ಬರುತ್ತದೆ, ಬೇರೆಯವರು ಕೊಂದಾಗ ಸಿಗುವ ಎಕ್ಸ್‌ಪೀರಿಯನ್ಸ್ ಮಾತ್ರ ಬರುವುದಿಲ್ಲ. ಹಾಗಾಗಿ ದೊಡ್ಡ ಗೇಮ್‌ಗೆ ಸೇರಿದರೆ ಮೊದಲು ಪಾರ್ಟಿಗೆ ಸೇರಿ, ಆಮೇಲೆ ಅವರ ಜೊತೆಗೇ ನಡೆಯಿರಿ. ಒಂಟಿಯಾಗಿ ನಿಧಾನಕ್ಕೆ ಕಲಿಯಬೇಕು ಅಂತಿದ್ದರೆ ನೀವೇ ಒಂದು ಗೇಮ್ ಮಾಡಿ ಪಾಸ್‌ವರ್ಡ್ ಹಾಕಿ. ಮಾನ್‌ಸ್ಟರ್ ಒಬ್ಬರ ಲೆಕ್ಕಕ್ಕೇ ಇರುತ್ತದೆ. ನನ್ನ ತಮ್ಮನಿಗೆ ನಾನು ಹೇಳಿದ ಮೊದಲ ಮಾತೇ ಇದು, ಅಂದಿನಿಂದ ಅವನ ಗೊಣಗಾಟ ಅರ್ಧ ಕಡಿಮೆಯಾಗಿದೆ.

ದೊಡ್ಡ ಗೇಮ್‌ನಲ್ಲಿ ಸಾರ್ಸರೆಸ್‌ಗೆ ಕೈಕೊಡದ ಒಂದು ಸ್ಕಿಲ್ ಇದೆ. ಸ್ಟ್ಯಾಟಿಕ್ ಫೀಲ್ಡ್. ಲೆವೆಲ್ 6ಕ್ಕೆ ಸಿಗುತ್ತದೆ, 9 ಮಾನಾ. ಸುತ್ತ ಇರುವ ಎಲ್ಲ ಮಾನ್‌ಸ್ಟರ್‌ಗಳ ಆ ಹೊತ್ತಿನ ಲೈಫ್‌ನಲ್ಲಿ ಕಾಲು ಭಾಗ ಕತ್ತರಿಸುತ್ತದೆ. ಲೈಫ್ 100 ಇದ್ದರೂ ಕಾಲು ಭಾಗ, 450 ಇದ್ದರೂ ಕಾಲು ಭಾಗ! ಜನ ಎಷ್ಟೇ ಸೇರಲಿ, ಇದರ ಬೆಲೆ ಕುಗ್ಗುವುದಿಲ್ಲ. ಐದು ಸಲ ಹಾಕಿದರೆ 45 ಮಾನಾಕ್ಕೆ ಇಡೀ ಗುಂಪಿನ ಲೈಫ್ ಕಾಲು ಭಾಗಕ್ಕಿಂತ ಕೆಳಗೆ ಇಳಿದಿರುತ್ತದೆ, ಉಳಿದದ್ದನ್ನ ನಿಮ್ಮ ಸ್ಕಿಲ್ ಅಥವಾ ಈಟಿಯವನು ಮುಗಿಸುತ್ತಾನೆ. ಹತ್ತಿರ ಹೋಗಿ ಹಾಕಬೇಕು, ಅದೊಂದು ಅಪಾಯ. ಬಾಗಿಲಿನ ಮೂಲೆಯೋ ಗೋಡೆಯ ಮರೆಯೋ ನೋಡಿಕೊಳ್ಳಿ. ನೈಟ್‌ಮೇರ್‌ನಲ್ಲಿ ಇದು ಮೂರನೇ ಒಂದು ಭಾಗದಷ್ಟು ಲೈಫ್ ಉಳಿದಾಗ ನಿಂತುಬಿಡುತ್ತದೆ, ಹೆಲ್‌ನಲ್ಲಿ ಅರ್ಧಕ್ಕೇ ನಿಲ್ಲುತ್ತದೆ. ಆದರೂ ಇದಕ್ಕೆ ಸಮ ಇನ್ನೊಂದಿಲ್ಲ ಅಂತಲೇ ನಾನು ಹೇಳುತ್ತೇನೆ.

ಸ್ಕಿಲ್‌ಗೆ ಪಾಯಿಂಟ್ ಹಾಕಿದ ಹಾಗೆ ಮಾನಾ ಬೇಗ ಮುಗಿಯುತ್ತದೆ ಅನ್ನುವ ದೂರು ಕೂಡ ಕೇಳಿದ್ದೇನೆ. ಅದು ಭ್ರಮೆ ಅಲ್ಲ. ಫೈರ್‌ಬಾಲ್ ಮೊದಲ ಲೆವೆಲ್‌ನಲ್ಲಿ 5 ಮಾನಾ, ಆಮೇಲೆ ಪ್ರತಿ ಲೆವೆಲ್‌ಗೂ ಅರ್ಧ ಮಾನಾ ಜಾಸ್ತಿ. ನೋವಾ 15ರಿಂದ ಶುರು, ಪ್ರತಿ ಲೆವೆಲ್‌ಗೂ 1 ಜಾಸ್ತಿ. ಆದರೆ ಸಿನರ್ಜಿ ಅಂತ ಒಂದಿದೆ. ಫೈರ್‌ಬೋಲ್ಟ್‌ಗೆ ನೇರವಾಗಿ ಹಾಕಿದ ಪಾಯಿಂಟ್ ಫೈರ್‌ಬಾಲ್‌ನ ಪೆಟ್ಟನ್ನೂ ಹೆಚ್ಚಿಸುತ್ತದೆ, ಫೈರ್‌ಬಾಲ್‌ನ ಮಾನಾ ಖರ್ಚನ್ನ ಹೆಚ್ಚಿಸುವುದಿಲ್ಲ. ಮಾನಾ ಬಿಗಿಯಾಗಿರುವಾಗ ಅಲ್ಲಿ ಹಾಕಿ.

ಪೋಷನ್ ವಿಷಯ ಚಿಕ್ಕದು. ನೀಲಿ ಪೋಷನ್ ಕುಡಿದ ತಕ್ಷಣ ತುಂಬುವುದಿಲ್ಲ, ಕೆಲವು ಸೆಕೆಂಡ್ ಹಿಡಿಯುತ್ತದೆ, ಹಾಗಾಗಿ ಗೋಳ ಕಾಲು ಭಾಗಕ್ಕೆ ಇಳಿದಾಗಲೇ ಕುಡಿಯಿರಿ. ಬೆಲ್ಟ್‌ನಲ್ಲಿ ನಾಲ್ಕು ಸಾಲು. ಸಾರ್ಸರೆಸ್‌ಗೆ ನಾನು ಎರಡು ಸಾಲು ನೀಲಿ, ಒಂದು ಕೆಂಪು, ಒಂದು ನೇರಳೆ ಇಡುತ್ತೇನೆ. ನೇರಳೆ ಅಂದರೆ ರಿಜುವನೇಶನ್. ಅದು ಕುಡಿದ ಕ್ಷಣದಲ್ಲೇ ಲೈಫ್ ಮತ್ತು ಮಾನಾ ಎರಡನ್ನೂ 35% ತುಂಬುತ್ತದೆ, ಸುಮ್ನೆ ಖರ್ಚು ಮಾಡಬೇಡಿ. ಎರಡನೇ ಆ್ಯಕ್ಟ್‌ನಲ್ಲಿ ಹೊರಾಡ್ರಿಕ್ ಕ್ಯೂಬ್ ಸಿಕ್ಕ ಮೇಲೆ ಮೂರು ಕೆಂಪು, ಮೂರು ನೀಲಿ, ಒಂದು ಚಿಪ್ಡ್ ಜೆಮ್ (ಅತಿ ಕೆಳಮಟ್ಟದ ರತ್ನ) ಹಾಕಿದರೆ ಒಂದು ನೇರಳೆ ನೀವೇ ಮಾಡಿಕೊಳ್ಳಬಹುದು. ಮೊದಲ ಆ್ಯಕ್ಟ್‌ನ ಊರಿಗೆ ಮರಳಿದಾಗ ಅಲ್ಲಿರುವ ಅಕಾರಾ ಜೊತೆ ಒಂದು ಮಾತಾಡಿ, ಎರಡೂ ಗೋಳ ಪುಕ್ಕಟೆ ತುಂಬುತ್ತದೆ. ಊರಿಗೆ ಕರೆದೊಯ್ಯುವ ಟೌನ್ ಪೋರ್ಟಲ್ ಒಂದು ಪೋಷನ್ ಅಂತಲೇ ಲೆಕ್ಕ ಹಾಕಿಕೊಳ್ಳಿ.

ಈಗ ಡಿಫಿಕಲ್ಟಿ. ನಾರ್ಮಲ್ ಮುಗಿಸಿದವರಿಗೆ ನೈಟ್‌ಮೇರ್ ತೆರೆಯುತ್ತದೆ, ಅದು ಮುಗಿದರೆ ಹೆಲ್. ನೈಟ್‌ಮೇರ್‌ನಲ್ಲಿ ನಿಮ್ಮ ಎಲ್ಲ ರೆಸಿಸ್ಟೆನ್ಸ್‌ನಿಂದ (ಬೆಂಕಿ, ಹಿಮದಂಥ ಪೆಟ್ಟು ತಡೆಯುವ ಶಕ್ತಿ) 40 ಕಳೆಯುತ್ತಾರೆ, ಹೆಲ್‌ನಲ್ಲಿ 100. ನಾರ್ಮಲ್‌ನಲ್ಲಿ ಸತ್ತರೆ ಎಕ್ಸ್‌ಪೀರಿಯನ್ಸ್ ಹೋಗುವುದಿಲ್ಲ, ಮುಂದಿನ ಎರಡರಲ್ಲಿ ಹೋಗುತ್ತದೆ. ಹೆಲ್‌ನಲ್ಲಿ ಎಷ್ಟೋ ಮಾನ್‌ಸ್ಟರ್‌ಗಳು ಬೆಂಕಿಗೋ ಹಿಮಕ್ಕೋ ಮಿಂಚಿಗೋ ಪೂರ್ತಿ ಇಮ್ಯೂನ್, ಅಂದರೆ ಆ ಪೆಟ್ಟು ತಾಕುವುದೇ ಇಲ್ಲ. ಮೌಸ್ ಇಟ್ಟರೆ ಮೇಲೆ ಹೆಸರಿನ ಜೊತೆ ಬರೆದಿರುತ್ತದೆ, ಓದಿ. ಇಮ್ಯೂನ್ ಇರುವ ಮಾನ್‌ಸ್ಟರ್ ಮೇಲೆ ಅದೇ ಸ್ಕಿಲ್ ಸುರಿಯುವುದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ. ಅದನ್ನ ಈಟಿಯವನಿಗೆ ಬಿಡಿ, ಇಲ್ಲವೇ ಬಿಟ್ಟು ಮುಂದೆ ಹೋಗಿ. ಎಲ್ಲವನ್ನೂ ಕೊಲ್ಲಲೇಬೇಕು ಅಂತ ಯಾವ ನಿಯಮವೂ ಇಲ್ಲ.

ಮುಂದೆ ಹೋಗಬೇಕಾ, ಇನ್ನೂ ಇಲ್ಲೇ ಇರಬೇಕಾ ಅಂತ ತಮ್ಮ ಕೇಳಿದಾಗ ನಾನು ಅವನ ಲೆವೆಲ್ ಕೇಳುವುದಿಲ್ಲ. ಒಂದು ಸಾಧಾರಣ ಗುಂಪನ್ನ ಮುಗಿಸಲು ಎಷ್ಟು ಮಾನಾ ಹೋಯಿತು ಅಂತ ಕೇಳುತ್ತೇನೆ. ಅರ್ಧ ಗೋಳದೊಳಗೆ ಮುಗಿದರೆ ಧೈರ್ಯವಾಗಿ ಮುಂದೆ ಹೋಗು. ಪೂರ್ತಿ ಗೋಳ ಹೋಗಿ ಎರಡು ಪೋಷನ್ ಕೂಡ ಬೇಕಾಯಿತು ಅಂದರೆ, ಒಂದು ಪೆಟ್ಟೂ ತಿಂದಿರದಿದ್ದರೂ ಆ ಜಾಗ ಇನ್ನೂ ನಿನ್ನದಲ್ಲ. ಮುಂದಿನ ಗುಂಪು ಸ್ವಲ್ಪ ದೊಡ್ಡದಿದ್ದರೆ ಕೈಯಲ್ಲಿ ಏನೂ ಇರುವುದಿಲ್ಲ. ಹಿಂದಿನ ಜಾಗಕ್ಕೆ ಹೋಗು, ಎರಡು ಲೆವೆಲ್ ಏರು, ಈಟಿಯವನ ಆಯುಧ ಬದಲಿಸು, ಆಮೇಲೆ ಬಾ.

ಪಾತ್ ಆಫ್ ಎಕ್ಸೈಲ್ ಅನ್ನುವ ಇಂಥದ್ದೇ ಇನ್ನೊಂದು ಗೇಮ್ ಆಡುವವರಿಗೂ ಈ ಅಳತೆ ಉಪಯೋಗಕ್ಕೆ ಬರುತ್ತದೆ. ನ್ಯೂಜಿಲೆಂಡ್‌ನ ಗ್ರೈಂಡಿಂಗ್ ಗಿಯರ್ ಗೇಮ್ಸ್ 2013ರಲ್ಲಿ ಬಿಡುಗಡೆ ಮಾಡಿದ್ದು, ಪುಕ್ಕಟೆ ಆಡಬಹುದು. ಅಲ್ಲಿ ಫ್ಲಾಸ್ಕ್ (ಪೋಷನ್‌ನ ಸೀಸೆ) ಮುಗಿದು ಹೋಗುವ ವಸ್ತುವಲ್ಲ, ಮಾನ್‌ಸ್ಟರ್ ಕೊಂದಂತೆಲ್ಲ ಮತ್ತೆ ತುಂಬುತ್ತದೆ. ಆದರೆ ಒಂದು ಸ್ಕಿಲ್‌ಗೆ ಅದರ ಬಲ ಹೆಚ್ಚಿಸುವ ಸಪೋರ್ಟ್ ಜೆಮ್ ಜೋಡಿಸುತ್ತಾ ಹೋದರೆ ಸಾಮಾನ್ಯವಾಗಿ ಪ್ರತಿಯೊಂದೂ ಮಾನಾ ಖರ್ಚನ್ನ ಗುಣಿಸುತ್ತದೆ. ನಾಲ್ಕು ಜೆಮ್ ಸಿಕ್ಕಿದೆ ಅಂತ ನಾಲ್ಕನ್ನೂ ಒಟ್ಟಿಗೆ ಹಾಕಬೇಕಿಲ್ಲ. ಒಂದು ತೆಗೆದು ನೋಡಿ, ಎಷ್ಟೋ ಸಲ ಅಷ್ಟಕ್ಕೇ ಉಸಿರಾಡಲು ಜಾಗ ಸಿಗುತ್ತದೆ.

ಡಯಾಬ್ಲೊ 2ರಲ್ಲಿ ಪಾಯಿಂಟ್ ಎಲ್ಲೋ ಹೋಗಿಬಿಟ್ಟಿದೆ ಅಂತ ಹೆದರಿ ಹೊಸ ಪಾತ್ರ ಶುರು ಮಾಡಬೇಡಿ. ಮೊಟ್ಟಮೊದಲ ಕೆಲಸ, ಡೆನ್ ಆಫ್ ಈವಿಲ್, ಮುಗಿಸಿದವರಿಗೆ ಅಕಾರಾ ಸ್ಕಿಲ್ ಮತ್ತು ಸ್ಟ್ಯಾಟ್ ಪಾಯಿಂಟ್‌ಗಳನ್ನೆಲ್ಲ ಒಂದು ಸಲ ವಾಪಸ್ ಕೊಡುತ್ತಾಳೆ. 2010ರ 1.13 ಪ್ಯಾಚ್‌ನಿಂದ ಈ ಅನುಕೂಲ ಇದೆ. ನಾರ್ಮಲ್‌ನಲ್ಲಿ ಒಂದು, ನೈಟ್‌ಮೇರ್‌ನಲ್ಲಿ ಒಂದು, ಹೆಲ್‌ನಲ್ಲಿ ಒಂದು, ಮೂರೂ ಪುಕ್ಕಟೆ. ಬೇಕಾಗುವವರೆಗೂ ಹಾಗೇ ಉಳಿದಿರುತ್ತದೆ. ನಾರ್ಮಲ್‌ನದ್ದನ್ನ ಲೆವೆಲ್ 24ಕ್ಕೆ ಬ್ಲಿಜರ್ಡ್ ಅನ್ನುವ ಸ್ಕಿಲ್ ತೆರೆಯುವವರೆಗಾದರೂ ಇಟ್ಟುಕೊಳ್ಳಿ, ಅಲ್ಲಿಯವರೆಗೆ ಏನು ಬೇಕೋ ಅದನ್ನ ಹಾಕಿ ಆಡಿ ನೋಡಿ.