ನಾಲೆ ಬದಿಯ ಗದ್ದೆಯಲ್ಲಿ ಒಂದು ಕಪ್ಪೆ

ಆಗಸ್ಟ್ ತಿಂಗಳ ಶನಿವಾರ ಸಂಜೆ ಮೈಸೂರಿನಿಂದ ಪಾಂಡವಪುರದ ಕಡೆ ಹೊರಟೆವು. ಶ್ರೀರಂಗಪಟ್ಟಣದಲ್ಲಿ ಕಾಫಿಗೆ ನಿಂತದ್ದು ಬಿಟ್ಟರೆ ಎಲ್ಲೂ ಇಳಿಯಲಿಲ್ಲ. ಕನ್ನಂಬಾಡಿ ಕಟ್ಟೆ ತುಂಬಿತ್ತು, ಅದರ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯಲ್ಲಿ ನೀರು ಹರಿಯುತ್ತಿತ್ತು. ನಾಟಿ ಮುಗಿದ ಗದ್ದೆಗಳಲ್ಲಿ ಕತ್ತಲಾಗುವ ಮೊದಲೇ ವಟವಟ ಶುರುವಾಗಿತ್ತು.

ಬದುವಿನ ಮೇಲೆ ಟಾರ್ಚ್ ಹಿಡಿದು ನಡೆಯುವಾಗ ಒಂದು ಪುಟ್ಟ ಗದ್ದೆಕಪ್ಪೆ ಕಂಡಿತು. ನೆಗೆಯಲು ನೋಡಿ ಪಕ್ಕಕ್ಕೆ ಬಿತ್ತು. ಅದರ ಒಂದು ಹಿಂಗಾಲು ಮೊಣಕಾಲಿಗೇ ಮುಗಿದಿತ್ತು. ನನಗೆ ಹೊಟ್ಟೆ ಚುರುಕ್ ಅಂದಿತು. "ಮುಟ್ಟಬೇಡ" ಅಂದಳು ಗೆಳತಿ. ಅವಳು ಕಪ್ಪೆಗಳನ್ನೇ ಓದಿದವಳು.

ಅಲ್ಲೇ ಕೂತು ಅವಳು ಹೇಳಿದ್ದು ಇದು. 1995ರಲ್ಲಿ ಅಮೆರಿಕದ ಮಿನ್ನೆಸೋಟಾದಲ್ಲಿ ಶಾಲೆಯ ಮಕ್ಕಳು ಒಂದು ಕೊಳದ ಹತ್ತಿರ ಅಂಗವಿಕಲ ಕಪ್ಪೆಗಳನ್ನು ಕಂಡರು. ಆಮೇಲೆ ಆ ದೇಶದ ಎಷ್ಟೋ ಕಡೆ ಕಾಲು ಜಾಸ್ತಿ ಇದ್ದ ಕಪ್ಪೆಗಳ ಹಿಂದೆ ಸಿಕ್ಕಿದ್ದು ರಿಬೈರೋಯಾ ಎಂಬ ಪರಾವಲಂಬಿ ಹುಳು. ಅದು ಮೊದಲು ಬಸವನಹುಳುವಿನೊಳಗೆ ಬೆಳೆಯುತ್ತದೆ. ಅಲ್ಲಿಂದ ಹೊರಬಂದು ಗೊದಮೊಟ್ಟೆಯ ಕಾಲು ಚಿಗುರುವ ಜಾಗವನ್ನೇ ಹುಡುಕಿ ಕೊರೆಯುತ್ತದೆ. ಕಾಲು ವಕ್ರವಾದ ಕಪ್ಪೆ ಓಡಲಾರದೆ ಹಕ್ಕಿಯ ಬಾಯಿಗೆ ಬೀಳುತ್ತದೆ. ಹಕ್ಕಿಯ ಹಿಕ್ಕೆಯಲ್ಲಿ ಹುಳುವಿನ ಮೊಟ್ಟೆ ಮತ್ತೆ ನೀರಿಗೆ. ಗೊಬ್ಬರ ಹರಿದು ಬಂದ ನೀರಿನಲ್ಲಿ ಪಾಚಿ ಹೆಚ್ಚುತ್ತದೆ, ಅದನ್ನು ತಿನ್ನುವ ಬಸವನಹುಳು ಹೆಚ್ಚುತ್ತದೆ, ಜೊತೆಗೆ ರೋಗವೂ.

ನಾನು ಟಾರ್ಚ್ ತಿರುಗಿಸಿದೆ. ಪೈರಿನ ಬುಡದಲ್ಲಿ ಬಸವನಹುಳು, ಪಕ್ಕದಲ್ಲಿ ಗೊದಮೊಟ್ಟೆ, ಬದುವಿನ ಮೇಲೆ ಬೆಳ್ಳಕ್ಕಿಯ ಹಿಕ್ಕೆ, ಮೂಲೆಯಲ್ಲಿ ಖಾಲಿ ಯೂರಿಯಾ ಚೀಲ. ಎಲ್ಲ ಇಲ್ಲೇ ಇದೆ, ಅಲ್ವಾ? ಆದರೆ ಗೆಳತಿ ನನ್ನನ್ನು ತಡೆದಳು. ಬರೀ ಕಾಲು ತುಂಡಾಗಿದ್ದರೆ ಹುಳುವೇ ಕಾರಣ ಅನ್ನುವಂತಿಲ್ಲ. ಏರೋಪ್ಲೇನ್ ಚಿಟ್ಟೆಯ ಮರಿಗಳು ನೀರಿನಲ್ಲಿ ಗೊದಮೊಟ್ಟೆಯ ಎಳೆ ಕಾಲನ್ನು ಕಡಿದುಹಾಕುತ್ತವೆ. ಸುಮ್ನೆ ನೋಡಿ ತೀರ್ಪು ಕೊಡಬಾರದು. ಹುಳು ಕೊಲ್ಲಲು ಔಷಧಿ ಸುರಿಯುವುದಂತೂ ತಪ್ಪು, ಮೊದಲು ಸಾಯುವುದು ಕಪ್ಪೆಯೇ. ಈ ಮಾತು ನನಗೆ ಪೂರ್ತಿ ಒಪ್ಪಿಗೆ. ಗೊಬ್ಬರವನ್ನು ಅಳತೆಯಲ್ಲಿ ಹಾಕಿ ನೀರನ್ನು ಕಾಪಾಡುವುದೇ ಮೊದಲ ಮದ್ದು.

ಅವಳಿಗೆ ಹೆಚ್ಚು ಭಯ ಇರುವುದು ಕೈಟ್ರಿಡ್ ಎಂಬ ಶಿಲೀಂಧ್ರದ ಬಗ್ಗೆ. ಕಪ್ಪೆ ಚರ್ಮದಿಂದಲೇ ನೀರು ಕುಡಿಯುತ್ತದೆ, ಉಸಿರನ್ನೂ ಆಡುತ್ತದೆ. ಈ ಶಿಲೀಂಧ್ರ ಹಿಡಿಯುವುದು ಅದೇ ಚರ್ಮವನ್ನು. ಮೈಯಲ್ಲಿ ಲವಣ ಕಡಿಮೆಯಾಗಿ ಕೊನೆಗೆ ಹೃದಯ ನಿಲ್ಲುತ್ತದೆ. ಜಗತ್ತಿನಲ್ಲಿ ಕನಿಷ್ಠ 501 ಬಗೆಯ ಕಪ್ಪೆ ಮತ್ತು ಅದರ ಬಳಗದ ಜೀವಿಗಳು ಇದರಿಂದ ಕುಸಿದಿವೆ ಎಂದು 2019ರಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿದರು. ನಮ್ಮ ಪಶ್ಚಿಮ ಘಟ್ಟದ ಕಪ್ಪೆಗಳಲ್ಲೂ ಇದು ಪತ್ತೆಯಾಗಿದೆ. ಒಂದು ಕೆರೆಯ ಕೆಸರು ಬೂಟಿಗೆ ಅಂಟಿ ಇನ್ನೊಂದು ಕೆರೆಗೆ ಹೋದರೂ ಸಾಕು.

ರಾತ್ರಿ ಹತ್ತಕ್ಕೆ ವಾಪಸ್ಸಾದೆವು. ಮನೆಯಲ್ಲಿ ಬೂಟುಗಳನ್ನು ಉಜ್ಜಿ ತೊಳೆದು ತಾರಸಿಯ ಮೇಲಿಟ್ಟೆವು. ಬೆಳಗ್ಗೆ ಕುಕ್ಕರಹಳ್ಳಿ ಕೆರೆಗೆ ಹೋಗುವ ಮನಸ್ಸಿತ್ತು. ರಾತ್ರಿಯೆಲ್ಲ ಜಿಟಿಜಿಟಿ ಮಳೆ, ಬೂಟು ಒಣಗಿರಲಿಲ್ಲ. ಹೋಗಲಿಲ್ಲ.